ಲಾಗೋಸ್‌ನ ರ‍್ಯಾಪ್ ಹಾಡನ್ನು ಕನ್ನಡದ ಕಿವಿಯಲ್ಲಿ ಕೇಳುವುದು ಹೇಗೆ: ಯೊರುಬಾ, ಪಿಜಿನ್, ಇಂಗ್ಲಿಷ್ ಬಿಡಿಸಿಕೊಳ್ಳುವ ದಾರಿ

ನೈಜೀರಿಯಾದ ದೊಡ್ಡ ನಗರ ಲಾಗೋಸ್‌ನ ರ‍್ಯಾಪರ್ ಒಬ್ಬ ಹಾಡು ಶುರು ಮಾಡುತ್ತಾನೆ. ಮೊದಲ ಸಾಲು ಇಂಗ್ಲಿಷ್. ಅರ್ಥವಾಯಿತು ಅನ್ನಿಸುತ್ತದೆ. ಎರಡನೇ ಸಾಲಿನಲ್ಲೂ ಇಂಗ್ಲಿಷ್ ಪದಗಳೇ ಇವೆ, ಆದರೆ ವಾಕ್ಯ ಕೈಗೆ ಸಿಗುವುದಿಲ್ಲ. ಮೂರನೇ ಸಾಲಿನಲ್ಲಿ ಒಂದು ಪದವೂ ಗೊತ್ತಿಲ್ಲ. ಜನ ಜೋರಾಗಿ ಕೂಗುವುದು ಮಾತ್ರ ಸರಿಯಾಗಿ ಅದೇ ಮೂರನೇ ಸಾಲಿಗೆ.

ಆ ಕೂಗು ಯಾಕೆ ಬಂತು ಎಂದು ತಿಳಿದುಕೊಳ್ಳುವುದೇ ಈ ಲೇಖನದ ಕೆಲಸ. ಆ ಎರಡನೇ ಸಾಲು ಪಿಜಿನ್, ಇಂಗ್ಲಿಷ್ ಪದಗಳಿಂದ ಬೆಳೆದ ಬೀದಿಯ ಮಾತು. ಮೂರನೆಯದು ಯೊರುಬಾ, ಅಲ್ಲಿನ ನೆಲದ ಭಾಷೆ. ಯೊರುಬಾ ಭಾಷೆಯನ್ನು ಪೂರ್ತಿ ಕಲಿಯಬೇಕಾಗಿಲ್ಲ. ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು, ಒಂದು ಜೊತೆ ಇಯರ್‌ಫೋನ್ ಸಾಕು. ಜೊತೆಗೆ ಕನ್ನಡ. ಹೌದು, ಕನ್ನಡ. ನಾನು ತುಂಬಾ ದಿನ ಇಂಗ್ಲಿಷ್ ಅನುವಾದ ಓದಿಕೊಂಡೇ ಈ ಹಾಡುಗಳನ್ನು ಕೇಳುತ್ತಿದ್ದೆ. ಅರ್ಥ ಸಿಗುತ್ತಿತ್ತು, ಸ್ವಾದ ಸಿಗುತ್ತಿರಲಿಲ್ಲ. ಬೆಂಗಳೂರಿಗೆ ಓದಲು ಬಂದಿದ್ದ ನೈಜೀರಿಯಾದ ಗೆಳೆಯನೊಬ್ಬ ಒಂದು ದಿನ ನಮ್ಮ ಮನೆಯಿಂದ ಎದ್ದು ಹೊರಡುತ್ತಾ 'ಐ ಆ್ಯಮ್ ಕಮಿಂಗ್' ಅಂದ. ಹೋಗುತ್ತಿರುವವನು ಬರುತ್ತಿದ್ದೇನೆ ಅನ್ನುತ್ತಿದ್ದಾನೆ. ಇಂಗ್ಲಿಷ್‌ನಲ್ಲಿ ಯೋಚಿಸಿದರೆ ತಪ್ಪು. ಕನ್ನಡದಲ್ಲಿ ಯೋಚಿಸಿದರೆ ಅದು ನಾವು ದಿನಾ ಬಾಗಿಲಲ್ಲಿ ಹೇಳುವ 'ಬರ್ತೀನಿ' ಅಲ್ವಾ? ಯೊರುಬಾದಲ್ಲಿ ಅದು 'ಮೊ ನ್ ಬೊ'. ಪಿಜಿನ್‌ನಲ್ಲಿ 'ಐ ಡೆ ಕಮ್'. ಅವತ್ತಿನಿಂದ ನಾನು ಹಾಡುಗಳನ್ನು ಇಂಗ್ಲಿಷ್ ಮೂಲಕ ಅಲ್ಲ, ನೇರವಾಗಿ ಕನ್ನಡಕ್ಕೆ ಬರೆದುಕೊಳ್ಳಲು ಶುರು ಮಾಡಿದೆ. ನೀವೂ ಹಾಗೆ ಮಾಡಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ಭಾಷೆ ಎಲ್ಲಿಂದ ಬಂತು ಎಂದು ಸ್ವಲ್ಪ ತಿಳಿದುಕೊಳ್ಳಿ

ನೈಜೀರಿಯಾದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಯೊರುಬಾ ನೈರುತ್ಯ ಭಾಗದ ಭಾಷೆ. ಲಾಗೋಸ್, ಇಬಾದಾನ್, ಅಬೆಯೊಕುಟಾ ಎಲ್ಲ ಆ ಸೀಮೆಯವು. ಪೂರ್ವದಲ್ಲಿ ಇಗ್ಬೊ, ಉತ್ತರದಲ್ಲಿ ಹೌಸಾ. ಬ್ರಿಟಿಷರ ಆಳ್ವಿಕೆಯಿಂದ ಉಳಿದ ಇಂಗ್ಲಿಷ್ ಶಾಲೆ, ಕಚೇರಿ, ಕೋರ್ಟಿನ ಭಾಷೆ. ಈ ಎಲ್ಲರೂ ಒಂದೇ ಸಂತೆಯಲ್ಲಿ, ಒಂದೇ ಬಸ್ಸಿನಲ್ಲಿ ಮಾತಾಡಬೇಕಲ್ಲ, ಅಲ್ಲಿ ಬೆಳೆದದ್ದು ಪಿಜಿನ್.

ಪಿಜಿನ್ ಅಂದರೆ ತಪ್ಪು ಇಂಗ್ಲಿಷ್ ಎಂದು ಮಾತ್ರ ಅಂದುಕೊಳ್ಳಬೇಡಿ. ಅದಕ್ಕೆ ತನ್ನದೇ ವ್ಯಾಕರಣ ಇದೆ. ವಾರ್ರಿ, ಸಾಪೆಲೆ ಕಡೆ ಅದನ್ನೇ ತಾಯ್ನುಡಿಯಾಗಿ ಆಡುತ್ತಾ ಬೆಳೆದವರಿದ್ದಾರೆ. 2017ರಲ್ಲಿ ಬಿಬಿಸಿ ಪಿಜಿನ್‌ನಲ್ಲೇ ಸುದ್ದಿ ಸೇವೆ ಶುರು ಮಾಡಿತು. ಅದರ ಪದಗಳಲ್ಲಿ ಕರಾವಳಿಯ ಇತಿಹಾಸವೇ ಇದೆ. ಬ್ರಿಟಿಷರಿಗೆ ಮೊದಲು ಅಲ್ಲಿಗೆ ಪೋರ್ಚುಗೀಸರು ವ್ಯಾಪಾರಕ್ಕೆ ಬಂದಿದ್ದರು. 'ಸಾಬಿ', ಅಂದರೆ ಗೊತ್ತು ಅನ್ನುವುದು ಅವರ ಪದ. 'ಪಿಕಿನ್', ಅಂದರೆ ಮಗು ಅನ್ನುವುದೂ ಅವರದೇ. ಅದೇ ವ್ಯಾಪಾರಿಗಳು ನಮ್ಮ ಕರಾವಳಿಗೂ ಬಂದು 'ಚಾವಿ', 'ಪಾದ್ರಿ' ಬಿಟ್ಟು ಹೋದರು. ಪಿಜಿನ್‌ನ 'ಉನಾ', ಅಂದರೆ ನೀವೆಲ್ಲ, ಇಗ್ಬೊದಿಂದ ಬಂದದ್ದು. 'ವಹಾಲಾ', ಅಂದರೆ ತಾಪತ್ರಯ, ಹೌಸಾದಿಂದ. 'ಒಗಾ', ಅಂದರೆ ಯಜಮಾನ, ಯೊರುಬಾದಿಂದ. ಹಾಗಾಗಿ ರ‍್ಯಾಪರ್ ಒಬ್ಬ ಪಿಜಿನ್‌ಗೆ ಹೊರಳಿದರೆ ಇಡೀ ದೇಶದ ಕಡೆ ಮುಖ ಮಾಡಿದ ಎಂದರ್ಥ. 1970ರ ದಶಕದಲ್ಲಿ ಫೇಲಾ ಕುಟಿ ಮಾಡಿದ್ದು ಅದನ್ನೇ. ಅಬೆಯೊಕುಟಾದಲ್ಲಿ ಹುಟ್ಟಿದ ಯೊರುಬಾ ಮನುಷ್ಯ, ಮೊದಲು ಯೊರುಬಾದಲ್ಲಿ ಹಾಡುತ್ತಿದ್ದವನು, ಪಿಜಿನ್ ಹಿಡಿದು ಸೈನ್ಯವನ್ನೂ ಸರ್ಕಾರವನ್ನೂ ಪ್ರಶ್ನಿಸಿದ.

ಹೆಜ್ಜೆ 2: ಸಾಹಿತ್ಯ ನೋಡದೆ, ಬರೀ ಕಿವಿಯಿಂದ ಭಾಷೆ ಗುರುತಿಸಿ

ಒಂದು ಹಾಡು ಹಾಕಿ. ಅರ್ಥದ ಕಡೆ ಗಮನ ಕೊಡಬೇಡಿ. ಭಾಷೆ ಎಲ್ಲಿ ಹೊರಳುತ್ತದೆ ಎಂದು ಮಾತ್ರ ಕೇಳಿ, ನಿಮಿಷ ಮತ್ತು ಸೆಕೆಂಡ್ ಬರೆದುಕೊಳ್ಳಿ.

ಯೊರುಬಾ ಗುರುತಿಸುವುದು ನಮಗೆ ಸುಲಭ. ಅದರ ಪದಗಳು ಸ್ವರದಲ್ಲೇ ಮುಗಿಯುತ್ತವೆ, ಹೆಚ್ಚೆಂದರೆ ಮೂಗಿನಲ್ಲಿ ಎಳೆದ ಸ್ವರದಲ್ಲಿ. ಒತ್ತಕ್ಷರದಂಥ ಜೋಡಣೆ ಇಲ್ಲ. ಇಂಗ್ಲಿಷ್ ಪದ ಒಳಗೆ ಬಂದರೂ ಅವರು ಅದನ್ನು ಬಿಡಿಸಿ, ಕೊನೆಗೆ ಸ್ವರ ಸೇರಿಸಿಯೇ ಒಳಗೆ ಬಿಡುವುದು. ಬಸ್ ಅಲ್ಲಿ 'ಬೊಸಿ' ಆಗುತ್ತದೆ, ಬ್ರೆಡ್ 'ಬುರೆಡಿ' ಆಗುತ್ತದೆ. ನಾವು ಬಸ್ಸು, ಕಾರು, ಬ್ರೆಡ್ಡು ಅಂದ ಹಾಗೆಯೇ. ಇನ್ನೊಂದು ಗುರುತು, ಗ ಮತ್ತು ಬ ಎರಡನ್ನೂ ಒಟ್ಟಿಗೆ, ಒಂದೇ ಏಟಿಗೆ ಹೇಳುವ 'ಗ್ಬ' ಎಂಬ ಸದ್ದು. ಅದು ಕೇಳಿದರೆ ಇಂಗ್ಲಿಷ್ ಅಲ್ಲ ಎಂದು ಖಚಿತ. ಯೊರುಬಾ ಬರಹದಲ್ಲಿ 'ಪಿ' ಅಕ್ಷರ ಕಂಡರೂ ಅದು ನಮ್ಮ ಪ ಅಲ್ಲ, ಕ ಮತ್ತು ಪ ಸೇರಿದ 'ಕ್ಪ'. ಹಾಗೆಯೇ ಚ ಸದ್ದು ಮತ್ತು ಜೇನಿನಂತೆ ಗುಂಯ್‌ಗುಟ್ಟುವ ಇಂಗ್ಲಿಷ್‌ನ 'ಝಡ್' ಸದ್ದು ಶಿಷ್ಟ ಯೊರುಬಾದಲ್ಲಿ ಇಲ್ಲ. ಅವು ಕೇಳಿದರೆ ಬೇರೆ ಭಾಷೆ ಬಂತು ಎಂದು ಪೆನ್ನು ಬದಲಿಸಿ.

ಪಿಜಿನ್ ಮತ್ತು ಇಂಗ್ಲಿಷ್ ಬೇರ್ಪಡಿಸುವುದು ಕಷ್ಟ, ಪದಗಳು ಒಂದೇ ಥರ ಇರುವುದರಿಂದ. ಅದಕ್ಕೆ ಪದ ಬಿಡಿ, ಪದಗಳ ನಡುವಿನ ಸಣ್ಣ ತುಣುಕು ಕೇಳಿ. 'ಡೆ', 'ಡೊನ್', 'ನಾ', 'ನೊ ಗೊ', 'ವೆ' ಕೇಳಿದರೆ ಪಿಜಿನ್.

ಹೆಜ್ಜೆ 3: ಪಿಜಿನ್‌ನ ಬೆನ್ನುಮೂಳೆ ಹಿಡಿಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂತುಕೊಳ್ಳಿ. ಹತ್ತು ಹನ್ನೆರಡು ತುಣುಕು ಗೊತ್ತಾದರೆ ಅರ್ಧ ಹಾಡು ತೆರೆದುಕೊಳ್ಳುತ್ತದೆ.

'ಡೆ' ಅಂದರೆ ನಡೆಯುತ್ತಾ ಇದೆ, ಅಥವಾ ಇದೆ. 'ಐ ಡೆ ಗೊ' ಅಂದರೆ ಹೋಗ್ತಾ ಇದ್ದೀನಿ. 'ಐ ಡೆ' ಅಂದರೆ ಇದ್ದೀನಿ, ಚೆನ್ನಾಗಿದ್ದೀನಿ. 'ಡೊನ್' ಅಂದರೆ ಆಗಿಹೋಗಿದೆ. 'ಐ ಡೊನ್ ಚಾಪ್' ಅಂದರೆ ಊಟ ಮಾಡಿದ್ದೀನಿ. ಕ್ರಿಯೆಯ ಮುಂದೆ 'ಗೊ' ಬಂದರೆ ಮುಂದಿನ ಮಾತು. 'ಈ ಗೊ ಕಮ್' ಅಂದರೆ ಬರ್ತಾನೆ, ಅಥವಾ ಬರ್ತಾಳೆ. ಮೊದಲೆರಡಕ್ಕೂ ಯೊರುಬಾದಲ್ಲಿ ಸರಿಯಾದ ಜೋಡಿ ಇದೆ. 'ಡೆ' ಇದ್ದಲ್ಲಿ 'ನ್', 'ಡೊನ್' ಇದ್ದಲ್ಲಿ 'ಟಿ'. 'ಐ ಡೆ ಗೊ' ಅನ್ನುವುದು 'ಮೊ ನ್ ಲೊ'. 'ಐ ಡೊನ್ ಚಾಪ್' ಅನ್ನುವುದು 'ಮೊ ಟಿ ಜೆಉನ್'. ಪದದ ಜಾಗಕ್ಕೆ ಪದ. ಅದಕ್ಕೇ ಒಬ್ಬ ರ‍್ಯಾಪರ್ ವಾಕ್ಯದ ಅರ್ಧದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿದರೂ ತಾಳ ತಪ್ಪುವುದಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಎರಡು ತುಣುಕು. ಒಂದು 'ನಾ'. 'ನಾ ಮಿ ಡು ಆಮ್' ಎಂಬುದನ್ನು ಇಂಗ್ಲಿಷ್‌ಗೆ ತರಲು ಉದ್ದದ ವಾಕ್ಯ ಬೇಕು. ಕನ್ನಡದಲ್ಲಿ 'ನಾನೇ ಮಾಡಿದ್ದು', ಅಷ್ಟೇ. ನಮ್ಮ ಆ 'ಏ' ಮಾಡುವ ಕೆಲಸವನ್ನು ಅಲ್ಲಿ 'ನಾ' ಮಾಡುತ್ತದೆ. 'ನಾ ಲಾಗೋಸ್ ಐ ಡೆ' ಅಂದರೆ ಲಾಗೋಸ್‌ನಲ್ಲೇ ಇದ್ದೀನಿ. ಎರಡನೆಯದು 'ಸೆ'. ಇದು ಇಂಗ್ಲಿಷ್‌ನ 'ಹೇಳು' ಎಂಬ ಕ್ರಿಯಾಪದವೇ. ಆದರೆ 'ಐ ನೊ ಸೆ ಯು ಗೊ ಕಮ್' ಎಂಬಲ್ಲಿ ಯಾರೂ ಏನೂ ಹೇಳುತ್ತಿಲ್ಲ. ಅಲ್ಲಿ 'ಸೆ' ಅಂದರೆ ನಮ್ಮ 'ಅಂತ'. ನೀನು ಬರ್ತೀಯ ಅಂತ ಗೊತ್ತು. ನಮ್ಮ 'ಅಂತ' ಕೂಡ 'ಅನ್ನು' ಎಂಬ ಕ್ರಿಯೆಯಿಂದಲೇ ಬಂದದ್ದು. ಎಲ್ಲಿಯ ಲಾಗೋಸ್, ಎಲ್ಲಿಯ ಧಾರವಾಡ, ಎರಡೂ ಕಡೆ ಜನ ಇದಕ್ಕೆ ಒಂದೇ ಉಪಾಯ ಕಂಡುಕೊಂಡಿದ್ದಾರೆ.

ಇಲ್ಲೊಂದು ಎಚ್ಚರಿಕೆ. ಆ 'ಸೆ'ಗೆ ಮುಂಚೆ ಬರುವ 'ನೊ' ಅಂದರೆ ಗೊತ್ತು. 'ಐ ನೊ ಗೊ'ದಲ್ಲಿ ಬರುವ 'ನೊ' ಅಂದರೆ ಇಲ್ಲ. ಕೇಳಲು ಎರಡೂ ಒಂದೇ ಥರ. ಮುಂದಿನ ಪದ ನೋಡಿ ತೀರ್ಮಾನಿಸಿ.

ಉಳಿದವು ಬೇಗ ಬೇಗ. 'ವೆಟಿನ್' ಅಂದರೆ ಏನು. 'ಅಬೆಗ್' ಅಂದರೆ ದಯವಿಟ್ಟು, ಕೆಲವೊಮ್ಮೆ 'ಬಿಡಪ್ಪಾ ಸಾಕು'. 'ವೆ' ಅಂದರೆ ಯಾವ, ಯಾರು ಎಂದು ಜೋಡಿಸುವ ಪದ. 'ಫಿಟ್' ಅಂದರೆ ಆಗುತ್ತದೆ, ಸಾಧ್ಯ. 'ಕೊಮೊಟ್' ಅಂದರೆ ಹೊರಗೆ ಬಾ, ಹೊರಡು. 'ಹೌ ಫಾ' ಅಂದರೆ ಏನ್ ಸಮಾಚಾರ. ವಾಕ್ಯದ ಕೊನೆಗೆ ಎಳೆದು ಹೇಳುವ 'ಓ' ನಮ್ಮ 'ಕಣೋ', 'ಕಣ್ರೀ' ಇದ್ದ ಹಾಗೆ. ಯೊರುಬಾದಿಂದ ಪಿಜಿನ್‌ಗೆ ಬಂದ 'ಅಬಿ' ಅಂತೂ ಸಾಕ್ಷಾತ್ ನಮ್ಮ 'ಅಲ್ವಾ'. ಜೋಡಿಪದಗಳೂ ಹಾಗೆಯೇ. 'ಸ್ಮಾಲ್ ಸ್ಮಾಲ್' ಅಂದರೆ ಸ್ವಲ್ಪ ಸ್ವಲ್ಪವಾಗಿ, 'ನೌ ನೌ' ಅಂದರೆ ಈಗಿಂದೀಗ್ಲೇ, ಯೊರುಬಾದ 'ಕಿಯಾಕಿಯಾ' ಅಂದರೆ ಬೇಗ ಬೇಗ. 2004ರಲ್ಲಿ ಎಡ್ರಿಸ್ ಅಬ್ದುಲ್ಕರೀಮ್ ದೇಶದ ಸ್ಥಿತಿಯ ಮೇಲೆ ಹಾಡಿದ ಹಾಡಿಗೆ 'ಜಾಗಾ ಜಾಗಾ' ಎಂಬ ಪದವನ್ನೇ ಹೆಸರಾಗಿ ಇಟ್ಟ. ಸರ್ಕಾರ ಅದನ್ನು ರೇಡಿಯೋದಲ್ಲಿ ನಿಷೇಧಿಸಿತು. ಆ ಪದಕ್ಕೆ ಕನ್ನಡದಲ್ಲಿ ಏನು ಎಂದು ಕೇಳಿದರೆ ನಾನು ತಡಮಾಡದೆ 'ಚೆಲ್ಲಾಪಿಲ್ಲಿ' ಅನ್ನುತ್ತೇನೆ.

ಹೆಜ್ಜೆ 4: ಯೊರುಬಾದ ಏರಿಳಿತಕ್ಕೆ ಕಿವಿ ಹೊಂದಿಸಿಕೊಳ್ಳಿ

ನಮಗೆ ನಿಜವಾಗಿ ಹೊಸದು ಇದು. ಯೊರುಬಾದಲ್ಲಿ ಮೂರು ಸ್ವರಮಟ್ಟ ಇದೆ. ಮೇಲಿನದು, ನಡುವಿನದು, ಕೆಳಗಿನದು. ಅಕ್ಷರ ಒಂದೇ ಇದ್ದರೂ ಮಟ್ಟ ಬದಲಾದರೆ ಪದವೇ ಬೇರೆ.

ಉದಾಹರಣೆಗೆ 'ಒವೊ'. ನಡುವಿನಿಂದ ಮೇಲಕ್ಕೆ ಏರಿಸಿ ಹೇಳಿದರೆ ದುಡ್ಡು. ಎರಡನ್ನೂ ಕೆಳಗಿಟ್ಟು ಹೇಳಿದರೆ ವ್ಯಾಪಾರ. ಇನ್ನು ಯೊರುಬಾದಲ್ಲಿ ಎರಡು ಬಗೆಯ 'ಒ' ಇದೆ. ಒಂದು ನಮ್ಮ ಒ. ಇನ್ನೊಂದು ಬಾಯಿ ಅಗಲಿಸಿ ಹೇಳುವುದು, ಕಾಫಿ, ಡಾಕ್ಟರ್ ಎಂಬಲ್ಲಿ ನಾವು ಆ ಎಂದು ಬರೆದು ಆ-ಒ ನಡುವೆ ಹೇಳುತ್ತೇವಲ್ಲ, ಆ ಸ್ವರ. ಬರಹದಲ್ಲಿ ಅದರ ಕೆಳಗೆ ಚುಕ್ಕೆ ಇಡುತ್ತಾರೆ. ಆ ಅಗಲ ಸ್ವರದಲ್ಲಿ ಏರಿಸಿ ಹೇಳಿದರೆ ಕೈ. ಕೆಳಗಿಟ್ಟು ಹೇಳಿದರೆ ಗೌರವ. ದುಡ್ಡು, ವ್ಯಾಪಾರ, ಕೈ, ಗೌರವ. ಈ ನಾಲ್ಕು ಪದ ಸಿಕ್ಕರೆ ರ‍್ಯಾಪರ್‌ಗೆ ಬೇರೆ ಏನು ಬೇಕು ಹೇಳಿ! ನಾಲ್ಕನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರೆ ಅದು ಅಲ್ಲಿನವರಿಗೆ ಪ್ರಾಸ, ಶ್ಲೇಷೆ, ಬದುಕಿನ ಕಥೆ ಎಲ್ಲಾ.

ಅಂತರ್ಜಾಲದಲ್ಲಿ ಸಿಗುವ ಸಾಹಿತ್ಯದಲ್ಲಿ ಈ ಚುಕ್ಕೆ, ಗೆರೆಗಳನ್ನು ಹೆಚ್ಚಾಗಿ ಬಿಟ್ಟೇ ಬರೆದಿರುತ್ತಾರೆ. ಆಗ ನಾಲ್ಕೂ ಒಂದೇ ಥರ ಕಾಣುತ್ತವೆ. ಹಾಗಾಗಿ ಬರಹವನ್ನು ನಂಬಿ ನಿಘಂಟು ತೆರೆಯಬೇಡಿ. ಮೊದಲು ಆ ತುಣುಕನ್ನು ಐದಾರು ಸಲ ಕೇಳಿ, ಮಟ್ಟವನ್ನು ಬಾಣದ ಗುರುತಿನಿಂದ ಬರೆದುಕೊಳ್ಳಿ. ಮೇಲೆ, ಅಡ್ಡ, ಕೆಳಗೆ. ಆಮೇಲೆ ಹುಡುಕಿ. ಎಸ್ ಅಕ್ಷರದ ಕೆಳಗಿನ ಚುಕ್ಕೆಯೂ ಹೀಗೇ ಕಾಣೆಯಾಗಿರುತ್ತದೆ. ಚುಕ್ಕೆ ಇಲ್ಲದ್ದು ಸ, ಇದ್ದದ್ದು ಶ.

ಈ ಏರಿಳಿತದಿಂದಲೇ ಯೊರುಬಾಗೆ ರ‍್ಯಾಪ್ ಇಷ್ಟು ಚೆನ್ನಾಗಿ ಒಗ್ಗಿತು ಎಂಬುದು ನನ್ನ ನಂಬಿಕೆ. ಮಿಷನರಿಗಳ ಕಾಲದಲ್ಲಿ ಇಂಗ್ಲಿಷ್ ಪ್ರಾರ್ಥನಾ ಗೀತೆಗಳನ್ನು ಯೊರುಬಾಕ್ಕೆ ತಂದು ಹಳೆಯ ಇಂಗ್ಲಿಷ್ ರಾಗದಲ್ಲೇ ಹಾಡಿಸಿದರು. ರಾಗ ಒಂದು ಕಡೆ ಎಳೆಯಿತು, ಪದದ ಮಟ್ಟ ಇನ್ನೊಂದು ಕಡೆ. ಅರ್ಥ ಕೆಟ್ಟಿತು. ರ‍್ಯಾಪ್ ಮಾತಿಗೆ ಹತ್ತಿರ. ಅದರಲ್ಲಿ ಮಾತಿನ ಮಟ್ಟ ಹಾಗೇ ಉಳಿಯುತ್ತದೆ. ಮಾತಿನ ಏರಿಳಿತವನ್ನೇ ನುಡಿಸಿ 'ಮಾತಾಡುವ' ಡೊಳ್ಳು, ದುಂದುನ್, ಯೊರುಬಾ ಜನರಲ್ಲಿ ಮೊದಲಿಂದಲೂ ಇದೆ. ಅದನ್ನು ಒಂದು ಸಲ ಕೇಳಿ ಬಂದು ರ‍್ಯಾಪ್ ಕೇಳಿದರೆ ಕಿವಿಗೆ ದಾರಿ ಬೇಗ ಸಿಗುತ್ತದೆ.

ಹೆಜ್ಜೆ 5: ಮೂರು ಬಣ್ಣದಲ್ಲಿ ಒಂದು ಪದ್ಯ ಬರೆದು ನೋಡಿ

ಅಭ್ಯಾಸಕ್ಕೆಂದು ನಾನೇ ನಾಲ್ಕು ಸಾಲು ಕಟ್ಟಿದ್ದೇನೆ. ಇದು ಯಾರ ಹಾಡೂ ಅಲ್ಲ.

ವೋಕ್ ಅಪ್ ಅರ್ಲಿ, ನೋ ಲೈಟ್, ನೋ ಫ್ಯಾನ್
ಐ ಡೆ ಹಸಲ್ ಬಟ್ ಪಾಕೆಟ್ ಡೊನ್ ಡ್ರೈ
ಮಾಮಾ ಸೆ, ಒಮೊ ಮಿ, ಮಾ ಬೆರು
ಒವೊ ಆ ವಾ, ಐ ನೊ ಗೊ ಟಯರ್

ಇಂಗ್ಲಿಷ್‌ಗೆ ನೀಲಿ, ಪಿಜಿನ್‌ಗೆ ಹಸಿರು, ಯೊರುಬಾಗೆ ಕೆಂಪು ಇಟ್ಟುಕೊಳ್ಳಿ. ಮೊದಲ ಸಾಲು ನೀಲಿ. ಆದರೆ 'ಲೈಟ್' ಪದದ ಕೆಳಗೆ ಒಂದು ಹಸಿರು ಗೆರೆ ಹಾಕಿ. ನೈಜೀರಿಯಾದಲ್ಲಿ ಲೈಟ್ ಅಂದರೆ ಬೆಳಕಲ್ಲ, ಕರೆಂಟು. ಎರಡನೇ ಸಾಲು ಹಸಿರು, 'ಡೆ' ಮತ್ತು 'ಡೊನ್' ಎರಡೂ ಇವೆ. ದುಡೀತಾ ಇದ್ದೀನಿ, ಆದರೆ ಜೇಬು ಒಣಗಿಹೋಗಿದೆ.

ಮೂರನೇ ಸಾಲು ಹಸಿರಿನಲ್ಲಿ ಶುರುವಾಗಿ ಕೆಂಪಾಗುತ್ತದೆ. ಮಾಮಾ ಅಂದರೆ ಇಲ್ಲಿ ಅಮ್ಮ. ಅಮ್ಮ ಹೇಳಿದಳು ಎನ್ನುವವರೆಗೆ ಪಿಜಿನ್, ಅಮ್ಮ ಬಾಯಿ ಬಿಟ್ಟ ಕೂಡಲೇ ಯೊರುಬಾ. 'ನನ್ನ ಮಗನೇ, ಹೆದರಬೇಡ.' ಅವಳ ಮಾತನ್ನು ಇಂಗ್ಲಿಷ್ ಮಾಡಿದರೆ ಅದು ಅವಳ ಮಾತಾಗಿ ಉಳಿಯುವುದಿಲ್ಲ. ನಮ್ಮ ಹುಡುಗರು ಕನ್ನಡ-ಇಂಗ್ಲಿಷ್ ಬೆರೆಸಿ ರ‍್ಯಾಪ್ ಮಾಡುವಾಗಲೂ ಅಜ್ಜಿಯ ಮಾತನ್ನು ಇಂಗ್ಲಿಷ್‌ನಲ್ಲಿ ಹೇಳಿಸುವುದಿಲ್ಲ, ಗಮನಿಸಿ.

ನಾಲ್ಕನೇ ಸಾಲಿನ ಮೊದಲರ್ಧ ಕೆಂಪು. 'ದುಡ್ಡು ಬರುತ್ತೆ.' ಇದು ಇನ್ನೂ ಅಮ್ಮನ ಮಾತೋ, ಅಥವಾ ಮಗ ತನಗೆ ತಾನೇ ಹೇಳಿಕೊಳ್ಳುವುದೋ? ಎರಡೂ ಹೌದು. ಉಳಿದರ್ಧ ಹಸಿರು. 'ನಾನು ಸುಸ್ತಾಗಲ್ಲ.' ಇದು ಬೀದಿಗೆ ಇಳಿದು, ಎಲ್ಲರ ಎದುರು ಹೇಳುವ ಮಾತು. ಒಂದೇ ಸಾಲಿನೊಳಗೆ ಮನೆಯಿಂದ ಬೀದಿಗೆ ಬಂದದ್ದನ್ನು ಭಾಷೆ ಬದಲಾದದ್ದೇ ಹೇಳಿತು. ಬಣ್ಣ ಬದಲಾಗುವ ಜಾಗದಲ್ಲೇ ಹಾಡಿನ ಜೀವ ಇರುವುದು. ನೋಟ್‌ಬುಕ್ಕಿನಲ್ಲಿ ಅಲ್ಲಿಗೊಂದು ಚುಕ್ಕೆ ಇಡಿ, ಪಕ್ಕದಲ್ಲಿ 'ಯಾಕೆ?' ಎಂದು ಬರೆಯಿರಿ.

ಹೆಜ್ಜೆ 6: ಆ 'ಯಾಕೆ'ಗೆ ಉತ್ತರ ಹುಡುಕಿ

ಮೇಲಿನದರಲ್ಲಿ ಉತ್ತರ ಸಿಕ್ಕಿತು, ಇನ್ನೊಬ್ಬರ ಮಾತು ಬಂದದ್ದಕ್ಕೆ ಭಾಷೆ ಬದಲಾಯಿತು. ಬೇರೆ ಕಾರಣಗಳೂ ಇರುತ್ತವೆ.

ಮುಖ್ಯವಾದದ್ದು ಗಾದೆ. ಯೊರುಬಾ ಜನರಲ್ಲಿ ಒಂದು ಮಾತಿದೆ. ಗಾದೆ ಮಾತಿನ ಕುದುರೆ, ಮಾತು ಕಳೆದುಹೋದರೆ ಗಾದೆ ಹತ್ತಿಯೇ ಹುಡುಕಬೇಕು. ಹಾಡಿನಲ್ಲಿ ರ‍್ಯಾಪರ್ ಗಾದೆಯ ಅರ್ಧ ಹೇಳಿ ಬಿಟ್ಟರೂ ಸಾಕು, ಕೇಳುವವರು ಉಳಿದದ್ದನ್ನು ಮನಸ್ಸಿನಲ್ಲೇ ಮುಗಿಸುತ್ತಾರೆ. 'ಕೈ ಕೆಸರಾದರೆ' ಎಂದು ನಾವು ನಿಲ್ಲಿಸಿದ ಹಾಗೆ. ಒಂದು ಪ್ರಸಿದ್ಧ ಗಾದೆ ಹೀಗಿದೆ: ಹಿರಿಯರು ಸಂತೆಯಲ್ಲಿ ಇರುವಾಗ ಎಳೆ ಮಗುವಿನ ತಲೆ ವಾಲಬಾರದು. ಅಲ್ಲಿ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸಂತೆಗೆ ಬರುತ್ತಾರೆ. ಹಿಂದೆ ಮಗುವಿನ ಕತ್ತು ವಾಲಿದ್ದು ಅವಳಿಗೆ ಕಾಣುವುದಿಲ್ಲ. ನೋಡಿದ ಹಿರಿಯರು ಸರಿ ಮಾಡಬೇಕು. ಈ ಚಿತ್ರ ಗೊತ್ತಿದ್ದರೆ, ಆಳುವವರನ್ನು ಕೇಳುವ ಹಾಡಿನಲ್ಲಿ 'ಸಂತೆ', 'ಹಿರಿಯರು' ಎಂಬ ಎರಡೇ ಪದ ಬಂದರೂ ಎದೆಗೆ ತಾಗುತ್ತದೆ. ಪಿಜಿನ್‌ಗೂ ತನ್ನ ಗಾದೆಗಳಿವೆ. 'ಮಂಕಿ ಡೆ ವರ್ಕ್, ಬಬೂನ್ ಡೆ ಚಾಪ್', ಕೋತಿ ದುಡಿಯುತ್ತೆ, ಮುಸುವ ತಿನ್ನುತ್ತೆ. ಇದಕ್ಕೆ ವಿವರಣೆ ಬೇಡ.

ಪ್ರಾರ್ಥನೆಯೂ ಭಾಷೆ ಬದಲಿಸುತ್ತದೆ. ಯೊರುಬಾ ಜನರಲ್ಲಿ ಕ್ರೈಸ್ತರೂ ಮುಸ್ಲಿಮರೂ ಒಂದೇ ಮನೆತನದಲ್ಲೇ ಇರುವುದುಂಟು. ದೇವರನ್ನು 'ಒಲುವಾ' ಎಂದು ಕರೆಯುವ ಹಾಡಿನಲ್ಲೇ ಅರಬ್ಬಿ ಮೂಲದ ಪದಗಳೂ ಬರುತ್ತವೆ. 'ಅಲುಬಾರಿಕಾ' ಎಂಬ ಪದ ಕೇಳಿದಾಗ ನನಗೆ ಉತ್ತರ ಕರ್ನಾಟಕದ 'ಬರಕತ್ತು' ನೆನಪಾಯಿತು. ಮೂಲ ಒಂದೇ, ಅರ್ಥವೂ ಅದೇ, ಗಳಿಸಿದ್ದು ಕೈ ಹತ್ತುವ ಭಾಗ್ಯ. ಲಾಗೋಸ್‌ನ ಇಂದಿನ ಹಾಡುಗಳ ಹಿಂದೆ ಫೂಜಿ ಎಂಬ ಸಂಗೀತ ಇದೆ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ಜನರನ್ನು ಎಬ್ಬಿಸುವ ಹಾಡಿನಿಂದ ಹುಟ್ಟಿದ್ದು ಅದು. ಅದನ್ನು ದೊಡ್ಡದು ಮಾಡಿದವರಲ್ಲಿ ಸಿಕಿರು ಅಯಿಂಡೆ ಬ್ಯಾರಿಸ್ಟರ್ ಮುಖ್ಯರು. ಗಾಯಕ ಅಸಾಕೆಯ 2022ರ ಮೊದಲ ಆಲ್ಬಂನಲ್ಲಿ ಗುಂಪು ಒಟ್ಟಿಗೆ ಎತ್ತಿಕೊಂಡು ಹಾಡುವ ಆ ರೀತಿ ಸ್ಪಷ್ಟವಾಗಿ ಕೇಳುತ್ತದೆ.

ಕೆಲವು ಸಲ ಕಾರಣ ಬರೀ ಪ್ರಾಸ. 'ಹೌ ಫಾ' ಎಂದು ಇಂಗ್ಲಿಷ್ ಪದಗಳಲ್ಲಿ ಕೇಳಿ, 'ವಾ', ಅಂದರೆ ಬಾ, ಎಂದು ಯೊರುಬಾದಲ್ಲಿ ಮುಗಿಸಿದರೆ ಎರಡು ಭಾಷೆ ನಡುವೆ ಪ್ರಾಸ ಕೂತಿತು. ಹಾಗಾಗಿ ಪ್ರತಿ ಬದಲಾವಣೆಗೂ ಆಳವಾದ ಅರ್ಥ ಹುಡುಕಲು ಹೋಗಬೇಡಿ. ಸದ್ದಿನ ಸುಖವೂ ಒಂದು ಕಾರಣವೇ.

ಹೆಜ್ಜೆ 7: ಯಾರನ್ನು ಕುರಿತು ಹೇಳುತ್ತಿದ್ದಾನೆ ಎಂದು ಕೇಳಿ

ಇಂಗ್ಲಿಷ್ ಅನುವಾದ ಪೂರ್ತಿ ಕಳೆದುಕೊಳ್ಳುವುದು ಇದನ್ನು. ಯೊರುಬಾದಲ್ಲಿ ನೀನು, ನೀವು ಬೇರೆ ಬೇರೆ. 'ಒ' ಅಂದರೆ ನೀನು. ಬಾಯಿ ಅಗಲಿಸಿ ಹೇಳುವ 'ಎ' ಅಂದರೆ ನೀವು, ಅದು ಹಲವರಿಗೂ ಹೌದು, ಹಿರಿಯರಿಗೂ ಹೌದು. 2011ರಲ್ಲಿ ಗಾಯಕ ಡೇವಿಡೋನನ್ನು ಮನೆಮಾತು ಮಾಡಿದ ಹಾಡಿನ ಹೆಸರು 'ದಾಮಿ ದುರೊ'. ಅಂದರೆ ನನ್ನನ್ನು ತಡೆ, ನಿಲ್ಲಿಸು. ಹಾಡಿನಲ್ಲಿ ಅದರ ಮುಂದೆ 'ಎ ಮಾ' ಸೇರಿ 'ನನ್ನನ್ನು ತಡೀಬೇಡಿ' ಆಗುತ್ತದೆ. ತಡೀಬೇಡ ಅಲ್ಲ, ತಡೀಬೇಡಿ. ಸೊಕ್ಕಿನ ಹಾಡಿನಲ್ಲೂ ಆ 'ಡಿ' ಇದೆ. ಇಂಗ್ಲಿಷ್‌ಗೆ ಇದನ್ನು ತೋರಿಸಲು ಆಗುವುದಿಲ್ಲ, ಕನ್ನಡಕ್ಕೆ ಒಂದೇ ಅಕ್ಷರ ಸಾಕು. ಹಾಡಿನ ಮಧ್ಯೆ 'ನೀವು' ಹೋಗಿ 'ನೀನು' ಬಂದರೆ ಬೈಗುಳ ಶುರುವಾಯಿತು, ಅಥವಾ ಸಲುಗೆ ಬಂತು ಎಂದು ತಿಳಿಯಿರಿ.

ಇದಕ್ಕೆ ತದ್ವಿರುದ್ಧವಾಗಿ, ಒಂದು ಕಡೆ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಯೊರುಬಾದಲ್ಲಿ ಅವನು, ಅವಳು, ಅದು ಎಂಬ ಭೇದ ಇಲ್ಲ. ಪಿಜಿನ್‌ನ 'ಈ' ಕೂಡ ಹಾಗೇ. ನಾವು ಬರೆಯುವಾಗ ಬಂದ, ಬಂದಳು ಎಂದು ಆರಿಸಲೇಬೇಕು. ಪ್ರೇಮದ ಹಾಡಿನಲ್ಲಿ ಸುಮ್ನೆ ಒಂದನ್ನು ಊಹಿಸಿ ಬರೆದುಬಿಡುತ್ತೇವೆ. ನಾನು ಅಂಥ ಕಡೆ 'ಬಂದರು' ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕುತ್ತೇನೆ.

ಹೆಜ್ಜೆ 8: ಈ ಕ್ರಮದಲ್ಲಿ ಕೇಳಿ

ಮೊದಲು ಫೇಲಾ. ಅವನ ಪಿಜಿನ್ ನಿಧಾನ, ಸ್ಪಷ್ಟ, ಒಂದು ಮಾತನ್ನು ಹತ್ತು ಸಲ ಹೇಳುತ್ತಾನೆ. ಆಮೇಲೆ ಒಂದಿಷ್ಟು ಫೂಜಿ, ಅರ್ಥವಾಗದಿದ್ದರೂ ಪರವಾಗಿಲ್ಲ. ಆಮೇಲೆ ಲಾರ್ಡ್ ಆಫ್ ಅಜಾಸಾ, ಯೊರುಬಾದಲ್ಲಿ ರ‍್ಯಾಪ್ ಮಾಡುವುದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬ.

ಆಮೇಲೆ ಡಾಗ್ರಿನ್. ಇಲ್ಲಿ ನಿಲ್ಲಿ. 2009ರಲ್ಲಿ ಬಂದ ಅವನ ಆಲ್ಬಂ ಹೆಸರು 'ಸಿ.ಇ.ಒ.' ಮೊದಲೆರಡು ಅಕ್ಷರ ದೊಡ್ಡ ಕಂಪನಿಯ ಗತ್ತಿನ ಇಂಗ್ಲಿಷ್ ಪದಗಳೇ, ಚೀಫ್, ಎಕ್ಸಿಕ್ಯುಟಿವ್. ಮೂರನೆಯ ಅಕ್ಷರಕ್ಕೆ ಅವನು ಇಟ್ಟದ್ದು 'ಒಮೊಟಾ', ಬೀದಿಯ ಪುಂಡ ಹುಡುಗ. ಮೂರೇ ಅಕ್ಷರದಲ್ಲಿ ಕಚೇರಿಯ ಕುರ್ಚಿಯಲ್ಲಿ ಬೀದಿಯನ್ನು ಕೂರಿಸಿಬಿಟ್ಟ. ಈ ಲೇಖನದಲ್ಲಿ ನಾನು ಹೇಳಲು ಹೊರಟದ್ದೆಲ್ಲ ಆ ಒಂದು ಹೆಸರಿನಲ್ಲಿದೆ. 2010ರ ಏಪ್ರಿಲ್‌ನಲ್ಲಿ ಕಾರು ಅಪಘಾತದ ಗಾಯಗಳಿಂದ ತೀರಿಕೊಂಡ. ಇನ್ನೂ ಚಿಕ್ಕ ವಯಸ್ಸು. ಅವನು ಇದ್ದಿದ್ದರೆ ಏನೇನು ಮಾಡುತ್ತಿದ್ದನೋ ಎಂದು ಈಗಲೂ ಸಂಕಟವಾಗುತ್ತದೆ.

ಅವನ ನಂತರ ಲಾಗೋಸ್‌ನ ಬರಿಗಾ ಎಂಬ ಕಡೆಯಿಂದ ಬಂದ ಓಲಾಮಿಡೆ, ಆಮೇಲೆ ರೆಮಿನಿಸ್. ಇಗ್ಬೊದಲ್ಲಿ ರ‍್ಯಾಪ್ ಮಾಡುವ ಫೈನೋ ಜೊತೆ ಇವರಿಬ್ಬರೂ 2015ರಲ್ಲಿ ಒಂದು ಹಾಡು ಮಾಡಿದರು, ಹೆಸರು 'ಲೋಕಲ್ ರ‍್ಯಾಪರ್ಸ್'. ಅಲ್ಲಿನ ಇಂಗ್ಲಿಷ್‌ನಲ್ಲೂ 'ಲೋಕಲ್' ಅಂದರೆ ನಾವು ಮೂಗು ಮುರಿದು ಹೇಳುವ 'ಲೋಕಲ್' ಅರ್ಥವೇ. ಹಾಗೆ ಕರೆಸಿಕೊಂಡವರು ಅದನ್ನೇ ಬಿರುದು ಮಾಡಿಕೊಂಡರು. ಈ ಹಾಡಿನಲ್ಲಿ ಯೊರುಬಾ, ಇಗ್ಬೊ, ಪಿಜಿನ್, ಇಂಗ್ಲಿಷ್ ಎಲ್ಲ ಇರುವುದರಿಂದ ನಾಲ್ಕನೆಯ ಬಣ್ಣದ ಪೆನ್ನು ಬೇಕಾಗುತ್ತದೆ. ದುಡ್ಡಿಗೆ ಇಗ್ಬೊದಲ್ಲಿ 'ಎಗೊ', ಹೌಸಾದಲ್ಲಿ 'ಕುಡಿ' ಎಂದು ಗೊತ್ತಿದ್ದರೆ ಒಳ್ಳೆಯದು, ಇವೂ ಹಾಡುಗಳಲ್ಲಿ ಬರುತ್ತಲೇ ಇರುತ್ತವೆ. ಹಾಗೆಯೇ 'ಎಕೊ' ಅಂದರೆ ಲಾಗೋಸ್. ಲಾಗೋಸ್ ಎಂಬುದು ಪೋರ್ಚುಗೀಸರು ಇಟ್ಟ ಹೆಸರು, ಊರಿನವರ ಹೆಸರು ಎಕೊ.

ಹೆಜ್ಜೆ 9: ಸಿಕ್ಕಿಕೊಂಡ ಸಾಲುಗಳನ್ನು ಕೇಳಿ ತಿಳಿಯಿರಿ

ಎಷ್ಟು ಮಾಡಿದರೂ ಪ್ರತಿ ಹಾಡಿನಲ್ಲಿ ಎರಡು ಮೂರು ಸಾಲು ಬಿಡಿಸಲು ಆಗುವುದಿಲ್ಲ. ಬೀದಿಮಾತು ಬೇಗ ಬೇಗ ಬದಲಾಗುತ್ತದೆ. ನಿಘಂಟಿನಲ್ಲಿ 'ಇಗ್ಬೊ' ಎಂಬ ಪದಕ್ಕೆ ಕಾಡು ಎಂದಿದೆ, ಹಾಡಿನಲ್ಲಿ ಅದು ಗಾಂಜಾ. ಮಟ್ಟ ಕೆಳಗಾದರೆ ಒಂದು ಜನಾಂಗದ ಹೆಸರು. 'ಜಾಪಾ' ಅಂದರೆ ಓಡಿಹೋಗು ಎಂದಿತ್ತು, ಈಗ ದೇಶ ಬಿಟ್ಟು ಹೊರದೇಶಕ್ಕೆ ದುಡಿಯಲು ಹೋಗುವುದಕ್ಕೆಲ್ಲ ಅದೇ ಪದ.

ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಇವಕ್ಕೆಂದೇ ಬಿಡಿ. ಸಾಲು, ನಿಮಿಷ, ಸೆಕೆಂಡ್, ನಿಮ್ಮ ಊಹೆ, ಇಷ್ಟು ಬರೆದಿಡಿ. ಗೊತ್ತಿರುವವರು ಸಿಕ್ಕಾಗ ಕೇಳಿ. ಕೇಳುವಾಗ ಅವರ ಉಚ್ಚಾರವನ್ನು ಅಣಕಿಸಿದ ಹಾಗೆ ಪಿಜಿನ್ ಆಡಲು ಹೋಗಬೇಡಿ. ಪರಿಚಯ ಇಲ್ಲದವರು ನಮ್ಮ ಮುಂದೆ ಹರಕು ಕನ್ನಡವನ್ನು ತಮಾಷೆಗೆ ಆಡಿದರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೇ ಆಗುತ್ತದೆ. ಬೈಗುಳ ಇರಬಹುದು ಅನ್ನಿಸಿದ ಸಾಲನ್ನು ನಾಲ್ಕು ಜನರ ಮುಂದೆ ಕೇಳಬೇಡಿ.

ಪದವನ್ನು ಕಾಗದದಲ್ಲಿ ಬರೆದು ತೋರಿಸಿ 'ಇದರ ಅರ್ಥ ಏನು' ಎಂದರೆ ಅವರು ಹೆಚ್ಚಾಗಿ 'ಯಾವುದು ಇದು?' ಎಂದು ತಿರುಗಿ ಕೇಳುತ್ತಾರೆ. ಮಟ್ಟ ಗೊತ್ತಿಲ್ಲದೆ ಅವರಿಗೂ ಹೇಳಲು ಆಗುವುದಿಲ್ಲ. ಫೋನ್ ತೆಗೆದು, ಆ ಸೆಕೆಂಡಿಗೆ ಸರಿಸಿ, ಆ ಸಾಲನ್ನು ಅದರ ಹಿಂದಿನ ಸಾಲಿನ ಸಮೇತ ಕೇಳಿಸಿ.